ಮೂರನೆಯ ಸಲ ಕರೆದರೆ

ಬುದ್ಧಿಮಾತು ಹೇಳುವವರಿಗೆ ನನ್ನಂಥ ಕೇಳುಗ ಸಿಗುವುದು ಕಷ್ಟ. ಎದುರಿಗೆ ಕೂರುತ್ತೇನೆ, ತಲೆಯಾಡಿಸುತ್ತೇನೆ, ನಡುನಡುವೆ 'ಹೌದು ಹೌದು, ಅದು ಸರಿ' ಎನ್ನುತ್ತೇನೆ, ಹೇಳಿ ಸುಸ್ತಾದವರಿಗೆ ಕಾಫಿ ಕುಡಿಸಿ ಕಳಿಸುತ್ತೇನೆ. ಅವರು ಗೇಟು ದಾಟಿದ ಮೇಲೆ ನನಗೆ ತೋಚಿದ್ದನ್ನು ಮಾಡುತ್ತೇನೆ. ಇದರಲ್ಲಿ ಸೊಕ್ಕೇನೂ ಇಲ್ಲ. ನನ್ನ ಕಿವಿಗೂ ಕೈಕಾಲಿಗೂ ನಡುವೆ ಎಲ್ಲೋ ತಂತಿ ಕಡಿದುಹೋಗಿದೆ. 'ಹಸಿ ಬಣ್ಣ, ಮುಟ್ಟಬೇಡಿ' ಎಂದು ಬರೆದಿದ್ದರೆ ನಿಜಕ್ಕೂ ಹಸಿಯಿದೆಯೇ ಎಂದು ನೋಡಲು ಬೆರಳು ತಾನಾಗಿ ಮುಂದಕ್ಕೆ ಹೋಗುತ್ತದೆ. ಒಮ್ಮೆ ಕಾಕನಕೋಟೆ ಕಾಡಿನ ರಸ್ತೆಯಲ್ಲಿ ಬೈಕಿನಲ್ಲಿ ಹೋಗುತ್ತಿದ್ದಾಗ 'ಇಲ್ಲಿ ವಾಹನ ನಿಲ್ಲಿಸಬೇಡಿ' ಎಂಬ ಹಲಗೆ ಕಂಡಿತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಏನೋ ಇತ್ತು. ಓಡುವ ಬೈಕಿನ ಮೇಲಿಂದ ಓದಲಾಗಲಿಲ್ಲ, ಆದ್ದರಿಂದ ನಿಲ್ಲಿಸಿ ಓದಿದೆ. 'ಆನೆಗಳು ರಸ್ತೆ ದಾಟುವ ಸ್ಥಳ' ಎಂದಿತ್ತು. ಓದಿ ತಲೆಯೆತ್ತಿದರೆ ಅವು ದಾಟುತ್ತಿದ್ದವು. ಕೊನೆಯ ಆನೆ ನಿಂತು, ಹಲಗೆಯನ್ನೂ ನನ್ನನ್ನೂ ಒಂದು ಸಲ ನೋಡಿ, ಹೇಳಿ ಪ್ರಯೋಜನವಿಲ್ಲ ಎಂಬಂತೆ ಮುಂದಕ್ಕೆ ಹೋಯಿತು.

ತಮಾಷೆಯೆಂದರೆ ಇಂಥ ನಾನು ಹೊಟ್ಟೆ ಹೊರೆಯುವುದು ಎಚ್ಚರಿಕೆ ಹೇಳಿಕೊಂಡೇ. ಬೆಟ್ಟದಪುರದ ಪೇಟೆಬೀದಿಯಲ್ಲಿ ನನ್ನದೊಂದು ಗೊಬ್ಬರ, ಔಷಧಿಯ ಅಂಗಡಿ ಇದೆ. ಮುಂದೆ ಅಂಗಡಿ, ಹಿಂದೆ ಮನೆ, ಅದರ ಹಿಂದೆ ಹಿತ್ತಲು, ಹಿತ್ತಲಿನಾಚೆ ತಲೆಯ ಮೇಲೆ ದೇವಸ್ಥಾನ ಹೊತ್ತುಕೊಂಡ ಬೆಟ್ಟ. ಹೊಗೆಸೊಪ್ಪಿನ ಸಸಿಗೆ ಹುಳ ಬಿತ್ತೆಂದು ರೈತರು ಬರುತ್ತಾರೆ. ನಾನು ತಲೆಬುರುಡೆ ಗುರುತಿನ ಡಬ್ಬಿ ಕೊಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಕೈಗವಸು ಹಾಕಿಕೊಳ್ಳಿ, ಗಾಳಿಗೆದುರಾಗಿ ಹೊಡೆಯಬೇಡಿ ಎಂದು ಪಾಠ ಒಪ್ಪಿಸುತ್ತೇನೆ. ಅವರೂ ನನ್ನ ಹಾಗೆಯೇ ತಲೆಯಾಡಿಸಿ, ಮನೆಗೆ ಹೋಗಿ ಬರಿಗೈಯಲ್ಲಿ ಕಲಸುತ್ತಾರೆ. ಒಬ್ಬ ಅಜ್ಜ ನನ್ನ ಪಾಠವನ್ನು ಪೂರ್ತಿ ಕೇಳಿ, 'ಚೆನ್ನಾಗಿ ಯೋಳ್ತೀಯ ಕಣಪ್ಪ, ಇನ್ನೊಂದು ಸಲ ಯೋಳು' ಎಂದಿದ್ದ. ಹೀಗಾಗಿ ನಮ್ಮೂರಿನಲ್ಲಿ ಯಾರೂ ಯಾರ ಮಾತನ್ನೂ ಕೇಳದೆ ನೆಮ್ಮದಿಯಾಗಿದ್ದೆವು. ಆಗ ಅತ್ತೆ ಬಂದರು.

ಅತ್ತೆ ಎಂದರೆ ಹೆಂಡತಿಯ ತಾಯಿಯಲ್ಲ, ನನ್ನ ಅಪ್ಪನ ಅಕ್ಕ. ಹೆಸರು ಚಿಕ್ಕತಾಯಮ್ಮ. ಅಂತರಸಂತೆಯಿಂದಾಚೆ, ಕಾಡಿಗೂ ಹಿನ್ನೀರಿಗೂ ನಡುವಿನ ಒಂದು ಹಳ್ಳಿಗೆ ಕೊಟ್ಟಿದ್ದರು. ನನ್ನ ಅವ್ವ ತೀರಿಕೊಂಡಾಗ ಎರಡು ವರ್ಷ ನನ್ನನ್ನು ಅಲ್ಲಿಟ್ಟುಕೊಂಡು ಸಾಕಿದವರು. ಮಕ್ಕಳಿಲ್ಲ. ಮಾವ ಹೋಗಿ ಬಹಳ ಕಾಲವಾಯಿತು. ಹಿನ್ನೀರಿನಲ್ಲಿ ಮುಳುಗಿ ಹೋದರೆಂದಷ್ಟೇ ನನಗೆ ಗೊತ್ತಿತ್ತು. ಈಚೆಗೆ ಮಂಡಿನೋವು ಜಾಸ್ತಿಯಾದ ಮೇಲೆ ನಾನೇ ಹೋಗಿ ಕರೆದುಕೊಂಡು ಬಂದೆ. ಅವರು ಒಂದು ಟ್ರಂಕನ್ನೂ ಲೆಕ್ಕವಿಲ್ಲದಷ್ಟು ಎಚ್ಚರಿಕೆಗಳನ್ನೂ ಜೊತೆಗೆ ತಂದರು. ಹೊರಟವರನ್ನು 'ಎಲ್ಲಿಗೆ' ಎನ್ನಬಾರದು, 'ದೂರ ಹೊರಟಿರಾ' ಎನ್ನಬೇಕು. ದೀಪ ಹಚ್ಚಿದ ಮೇಲೆ ಹಾವು ಎನ್ನಬಾರದು, ಹುಳ ಎನ್ನಬೇಕು. ಮಟಮಟ ಮಧ್ಯಾಹ್ನ ನುಗ್ಗೆಮರದ ಕೆಳಗೆ ಕೂದಲು ಬಿಚ್ಚಬಾರದು. ನನ್ನ ತಲೆಯಲ್ಲಿ ಬಿಚ್ಚುವಷ್ಟು ಕೂದಲಿಲ್ಲದ ಕಾರಣ ಈ ಕೊನೆಯದನ್ನು ಮಾತ್ರ ತಪ್ಪದೆ ಪಾಲಿಸಿದೆ.

ಆದರೆ ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿತ್ತು. ಬಂದ ದಿನವೇ, ಯಾರೋ ಗಿರಾಕಿ ಕರೆದನೆಂದು ನಾನು ಒಳಗಿನಿಂದ 'ಓ' ಎಂದು ಕೂಗಿದ್ದಕ್ಕೆ ಅತ್ತೆ ನನ್ನ ತೋಳು ಹಿಡಿದುಕೊಂಡರು.

"ಒಂದೇ ಸಲಕ್ಕೆ ಓ ಅನ್ಬ್ಯಾಡ ಕಣ್ಲಾ ಮಾದೇವ. ಮೂರು ಸಲ ಕರೆಯಾಗಂಟ ಸುಮ್ಕಿರು. ಮನುಸ್ರಾದ್ರೆ ಮೂರನೇ ಸಲ ಕರೀತಾರೆ. ಅದು ಎರಡರ ಮ್ಯಾಲೆ ಕರೆಯಾಕಿಲ್ಲ."

"ಅದು ಅಂದ್ರೆ ಯಾವುದು ಅತ್ತೆ?"

"ಅದು ಅಂದ್ರೆ ಅದು."

ನನ್ನ ಹೆಂಡತಿ ನಾಗರತ್ನ ನಗು ತಡೆದುಕೊಂಡು, "ನಾನು ಇವರನ್ನ ಹೆಸರಿಡಿದು ಕರೆಯಲ್ಲ ಅತ್ತೆಮ್ಮ, ರೀ ಅಂತೀನಿ. ಅದಕ್ಕೂ ಮೂರು ಸಲಾನಾ?" ಎಂದಳು.

"ರೀ ಅನ್ನಾಕೆ ಅದ್ಕೇನು ಬಾಯಿಲ್ವಾ?" ಎಂದರು ಅತ್ತೆ.

ಎಂದಿನಂತೆ ತಲೆಯಾಡಿಸಿದೆ, ಎಂದಿನಂತೆ ಮರೆತೆ. ಆಮೇಲೆ ಅವರೆಕಾಯಿಯ ಕಾಲದ ಒಂದು ಮಧ್ಯಾಹ್ನ ಬಂತು. ಎರಡು ಗಂಟೆಯಿರಬೇಕು. ಆ ಹೊತ್ತಿನಲ್ಲಿ ನಮ್ಮ ಪೇಟೆಬೀದಿಯಲ್ಲಿ ನಾಯಿ ಕೂಡ ಬೊಗಳುವುದಿಲ್ಲ. ಅರ್ಧ ಷಟರ್ ಎಳೆದು ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. ಹಿತ್ತಲಿನಿಂದ 'ಮಾದೇವಾ' ಎಂದು ಅತ್ತೆ ಕರೆದರು. ಕೊನೆಯ 'ವಾ'ವನ್ನು ಸ್ವಲ್ಪ ಮೇಲಕ್ಕೆಳೆದು, ಎಮ್ಮೆ ಮೇಯಿಸಲು ಹೋದ ಹುಡುಗನನ್ನು ಊಟಕ್ಕೆ ಕರೆಯುವ ಅದೇ ದನಿ. ನಲವತ್ತು ವರ್ಷ ಹಿಂದೆ ಕೇಳಿದ್ದು ಹೇಗಿತ್ತೋ ಹಾಗೆಯೇ ಇತ್ತು. 'ಓ, ಬಂದೆ ಅತ್ತೆ' ಎಂದು ಎದ್ದು, ನಡುಮನೆ, ಅಡುಗೆಮನೆ ದಾಟಿ ಹಿತ್ತಲಿಗೆ ಹೋದೆ. ಅಲ್ಲಿ ಯಾರೂ ಇರಲಿಲ್ಲ. ಹಗ್ಗದ ಮೇಲಿನ ಬಟ್ಟೆ ಅಲ್ಲಾಡುತ್ತಿರಲಿಲ್ಲ. ಕೊಟ್ಟಿಗೆಯ ಹಸು ಮಾತ್ರ ಬಾಯಲ್ಲಿದ್ದ ಮೇವನ್ನು ಅಗಿಯುವುದನ್ನೂ ಬಿಟ್ಟು, ಕಿವಿ ನಿಮಿರಿಸಿ ನುಗ್ಗೆಮರದ ಬುಡವನ್ನೇ ನೋಡುತ್ತಿತ್ತು. ನಾನೂ ನೋಡಿದೆ. ಅಲ್ಲಿ ಏನೂ ಇರಲಿಲ್ಲ. ಹಸು ನೋಡುವುದನ್ನು ನಿಲ್ಲಿಸಲಿಲ್ಲ.

ವಾಪಸು ಬಂದರೆ ಅತ್ತೆ ಅಂಗಡಿಯ ಹೊರಗೆ, ಷಟರಿನ ಮರೆಯ ಜಗಲಿಯ ಮೇಲೆ, ಮಡಿಲ ತುಂಬ ಅವರೆಕಾಯಿ ಹಾಕಿಕೊಂಡು ಕೂತಿದ್ದರು. ಸಿಪ್ಪೆಯ ಗುಡ್ಡೆ ನೋಡಿದರೆ ಗಂಟೆಯಿಂದ ಅಲ್ಲಿಂದ ಎದ್ದಿಲ್ಲವೆಂದು ಗೊತ್ತಾಗುತ್ತಿತ್ತು. ಅವರು ಸುಲಿಯುತ್ತಿದ್ದ ಕಾಯನ್ನು ಕೆಳಗಿಟ್ಟು ಕೇಳಿದರು.

"ಯಾರ್ಗ್ಲಾ ಓ ಅಂದೆ?"

ಗಾಳಿ ಇರಬೇಕು, ಪಕ್ಕದ ಮನೆಯವರು ಇರಬೇಕು, ರಕ್ತದೊತ್ತಡದ ಮಾತ್ರೆ ತಪ್ಪಿಸಿದ್ದಕ್ಕಿರಬೇಕು ಎಂದು ಒಂದೊಂದಾಗಿ ಹೇಳಿದೆ. ಅತ್ತೆ ಬೈಯಲಿಲ್ಲ. ಬೈದಿದ್ದರೆ ನಾನು ಯಾವಾಗಿನಂತೆ ಮರೆಯುತ್ತಿದ್ದೆ. ಅವರು ಪಕ್ಕದಲ್ಲಿ ಕೂರಿಸಿಕೊಂಡು, ಇಷ್ಟು ವರ್ಷ ಹೇಳದಿದ್ದದ್ದನ್ನು ಹೇಳಿದರು.

"ಇಂತದೇ ಒತ್ತು ಕಣ್ಲಾ. ನಾನು ಒಳ್ಗೆ ಮುದ್ದೆ ತಿರುವ್ತಿದ್ದೆ. ನಿಮ್ಮಾವ ಜಗ್ಲಿ ಮ್ಯಾಲೆ ಕುಡ್ಲು ಮಸೀತಾ ಕುಂತಿದ್ರು. 'ಓ, ಬಂದೆ' ಅಂದ್ರು. ಎದ್ದೋದ್ರು. ಉಣ್ಣಾಕೆ ಕರೆಯಾನ ಅಂತ ಬಂದು ನೋಡುದ್ರೆ ಕುಡ್ಲು ಅರ್ಧ ಮಸ್ದಂಗೆ ಬಿದ್ದದೆ. ಚಪ್ಲಿ ಇನ್ನೀರಿನ ದಡದಾಗೆ ಜೋಡ್ಸಿ ಬುಟ್ಟಿತ್ತು, ದೇವಸ್ಥಾನದ ಮುಂದೆ ಬುಟ್ಟಂಗೆ. ಅವ್ರು ಓ ಅಂದಿದ್ದು ನಂಗೆ ಕೇಳುಸ್ತು. ಕರುದಿದ್ದು ಕೇಳುಸ್ನಿಲ್ಲ."

ಇಷ್ಟು ಹೇಳಿ ಮತ್ತೆ ಅವರೆಕಾಯಿ ಸುಲಿಯತೊಡಗಿದರು. ನನಗೆ ನಾಚಿಕೆಯಾಯಿತು. ಈ ಮುದುಕಿಯ ಮಾತಿಗೆ ನಾನೂ ನಾಗರತ್ನಳೂ ಅಡುಗೆಮನೆಯಲ್ಲಿ ಎಷ್ಟು ನಕ್ಕಿದ್ದೆವು! ಅಂದೇ ತೀರ್ಮಾನಿಸಿದೆ: ಬದುಕಿನಲ್ಲಿ ಒಂದಾದರೂ ಬುದ್ಧಿಮಾತನ್ನು ಅಕ್ಷರಶಃ ಪಾಲಿಸುತ್ತೇನೆ, ಅದು ಇದೇ.

ಪಾಲಿಸಿದೆ ನೋಡಿ, ಮನೆಯೂ ಅಂಗಡಿಯೂ ಒಟ್ಟಿಗೆ ಕೆಟ್ಟವು. ಗಿರಾಕಿ ಬಂದು 'ಮಾದೇವಪ್ನೋರೇ' ಎನ್ನುತ್ತಿದ್ದ. ನಾನು ಗೊಬ್ಬರದ ಮೂಟೆಗಳ ಹಿಂದೆ ಕೂತು ಒಂದು ಎಂದು ಎಣಿಸುತ್ತಿದ್ದೆ. 'ಓ ಮಾದೇವಪ್ನೋರೇ!' ಎರಡು. ಮೂರನೆಯದಕ್ಕೆ ಬಾಯಿ ತೆರೆಯಲು ಸಿದ್ಧನಾಗುವಷ್ಟರಲ್ಲಿ ಅವನು ರಸ್ತೆ ದಾಟಿ ಎದುರು ಅಂಗಡಿಯಲ್ಲಿರುತ್ತಿದ್ದ. ಫೋನಿನ ವಿಷಯದಲ್ಲಿ ಇನ್ನೂ ದೊಡ್ಡ ತೊಡಕು ಬಂತು. ಗಂಟೆ ಮೂರು ಸಲ ಬಾರಿಸಿದರೆ ಸಾಕೇ, ಅಥವಾ ಮೂರು ಸಲ ಫೋನ್ ಮಾಡಬೇಕೇ? ಅತ್ತೆಯನ್ನು ಕೇಳಿದೆ. ಅವರು ಬಹಳ ಹೊತ್ತು ಯೋಚಿಸಿ, "ಗಂಟೆ ಬಡ್ಕಳಾದು ಮಿಷನ್ನು. ಮನುಸ ಎಷ್ಟು ಸಲ ಮಾಡ್ತಾನೆ ಅನ್ನಾದು ಲೆಕ್ಕ" ಎಂದು ತೀರ್ಪು ಕೊಟ್ಟರು. ಬೀಜದ ಕಂಪನಿಯ ಏಜೆಂಟ್ ಒಬ್ಬ ಎರಡೇ ಸಲ ಮಾಡಿ ಬಿಟ್ಟುಬಿಟ್ಟ. ಮುಂದಿನ ವಾರ ಅವನು ಅಂಗಡಿಗೇ ಬಂದಾಗ ನಾನು ಮೊದಲು ನೋಡಿದ್ದು ಅವನ ಪಾದಗಳನ್ನು. ಅವು ಮುಂದಕ್ಕೇ ಇದ್ದವು. ನಾಗರತ್ನ 'ರೀ, ರೀ, ರೀ' ಎಂದು ಒಂದೇ ಉಸಿರಿನಲ್ಲಿ ಮುಗಿಸಿ, ಉಪಾಯ ಮಾಡಿದೆನೆಂದು ಬೀಗಿದಳು. ಅದು ಒಂದೇ ಕರೆಯ ಲೆಕ್ಕ, ಮಧ್ಯೆ ಉಸಿರು ಬಿಡಬೇಕು ಎಂದರು ಅತ್ತೆ. ಕಷ್ಟವಾದರೂ ನನಗೆ ಒಳಗೊಳಗೇ ಹೆಮ್ಮೆ. ಹೇಳಿದ ಮಾತು ಕೇಳುವವರಿಗೆ ಇಷ್ಟು ಸುಖವಿದೆಯೆಂದು ಗೊತ್ತಿದ್ದರೆ ಮೊದಲೇ ಕೇಳುತ್ತಿದ್ದೆ ಅನ್ನಿಸಿತು.

ಹೀಗಿರುವಾಗ ಬೇಸಿಗೆಯಲ್ಲಿ ಒಂದು ದಿನ ನಾಗರತ್ನ ತನ್ನ ತಂಗಿಯ ಮನೆಗೆಂದು ಪಿರಿಯಾಪಟ್ಟಣಕ್ಕೆ ಹೋಗಿದ್ದಳು. ಮನೆಯಲ್ಲಿದ್ದವರು ನಾನು ಮತ್ತು ಅತ್ತೆ. ಊಟವಾಗಿತ್ತು. ಅತ್ತೆ ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತೇನೆಂದು ಹಿತ್ತಲಿನ ಬಚ್ಚಲುಮನೆಗೆ ಹೋದರು. ನಾನು ಅರ್ಧ ಷಟರ್ ಎಳೆದು ಬೆಂಚಿನ ಮೇಲೆ ಕೂತೆ. ಅದೇ ಎರಡು ಗಂಟೆ, ಅದೇ ನಿಶ್ಶಬ್ದ. ಹಿತ್ತಲಿನಿಂದ ದನಿ ಬಂತು.

'ಮಾದೇವಾ.'

ಒಂದು, ಎಂದು ಎಣಿಸಿದೆ. ಹಲ್ಲು ಕಚ್ಚಿ ಕೂತೆ. ಸ್ವಲ್ಪ ಹೊತ್ತಿಗೆ ಎರಡನೆಯದು ಬಂತು. ಅದು ಹಿತ್ತಲಿನಿಂದ ಬಂದಂತಿರಲಿಲ್ಲ. ಹತ್ತಿರದಲ್ಲಿ, ನಡುಮನೆಯ ಬಾಗಿಲ ಹಿಂದೆ ನಿಂತು ಕರೆದ ಹಾಗಿತ್ತು. ಅತ್ತೆಯ ಮಂಡಿಗೆ ಅಷ್ಟು ಬೇಗ ಅಷ್ಟು ದೂರ ನಡೆಯಲಾಗದು. ಅಲ್ಲಿಗೆ ಇದು ಅದೇ ಎಂದು ಖಾತ್ರಿಯಾಯಿತು. ನಾನು ಬೆಂಚನ್ನು ಎರಡೂ ಕೈಯಲ್ಲಿ ಹಿಡಿದು ಮೂರನೆಯದಕ್ಕೆ ಕಾದೆ. ಫ್ಯಾನಿನ ಗಾಳಿಗೆ ಗೋಡೆಯ ಕ್ಯಾಲೆಂಡರ್ ಪಟಪಟ ಹೊಡೆದುಕೊಳ್ಳುತ್ತಿತ್ತು. ಮೂರನೆಯದು ಬರಲಿಲ್ಲ. ಗೆದ್ದೆ ಎಂದುಕೊಂಡೆ. ಅತ್ತೆ ಬಂದ ಮೇಲೆ ಇದನ್ನು ಹೇಗೆ ಹೇಳಬೇಕು, ಅವರು ಏನೆಂದು ಹೊಗಳಬಹುದು ಎಂದೆಲ್ಲ ಯೋಚಿಸಿದೆ. ಹಳೆಯ ಪೇಪರಿನ ಒಂದು ಪುಟವನ್ನೂ ಓದಿದೆ.

ನನ್ನನ್ನು ಎಬ್ಬಿಸಿದ್ದು ಬಿಸಿನೀರಿನ ನೆನಪು. ಕಾಲಿಗೆ ನೀರು ಹಾಕಿಕೊಳ್ಳುವವರು ತಂಬಿಗೆಯ ಸದ್ದು ಮಾಡಬೇಕಲ್ಲ, ಹಿತ್ತಲಿನಿಂದ ಯಾವ ಸದ್ದೂ ಇರಲಿಲ್ಲ. ಬಾಯಿ ಬಿಡದೆ, ಓ ಎನ್ನದೆ, ಕಳ್ಳನಂತೆ ನಡೆದು ಹೋದೆ. ನಡುಮನೆಯ ಬಾಗಿಲ ಹಿಂದೆ ಯಾರೂ ಇರಲಿಲ್ಲ. ಹಸು ಬಚ್ಚಲುಮನೆಯ ಕಡೆಗೆ ಕಿವಿ ನಿಮಿರಿಸಿ ನಿಂತಿತ್ತು. ಒಳಗೆ ಹಂಡೆಗೂ ಗೋಡೆಗೂ ನಡುವೆ ಅತ್ತೆ ಬಿದ್ದಿದ್ದರು. ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಕಣ್ಣು ತೆರೆದಿತ್ತು, ನನ್ನನ್ನು ನೋಡುತ್ತಿತ್ತು, ಅದರ ತುಂಬ ನೀರಿತ್ತು. ನನಗೆ ಎರಡನೆಯ ಸಲ ಅವ್ವ ಸಾಯುತ್ತಿದ್ದಾಳೆ ಅನ್ನಿಸಿತು. ನಾನು ಹೇಗೆ ಅತ್ತೆನೋ, ಯಾರನ್ನು ಕೂಗಿದೆನೋ ನೆನಪಿಲ್ಲ. ಒಂದೇ ಕೂಗಿಗೆ ಇಡೀ ಬೀದಿ ಓ ಎಂದು ಬಂತು. ನಮ್ಮೂರಿನಲ್ಲಿ ಯಾರೂ ಮೂರಕ್ಕೆ ಕಾಯಲಿಲ್ಲ.

ಪಕ್ಕದ ಮನೆಯವರ ಓಮ್ನಿಯಲ್ಲಿ ಹುಣಸೂರಿಗೆ ಕರೆದುಕೊಂಡು ಹೋದೆವು. ಲಕ್ವ ಎಂದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಪೆನ್ನು ಹಿಡಿದು ನಿಂತಿದ್ದರು.

"ಇದರಲ್ಲಿ ಟೈಮ್ ಮುಖ್ಯ. ಬಿದ್ದು ಎಷ್ಟು ಹೊತ್ತಾಯ್ತು? ನಿಮಗೆ ಹೇಗೆ ಗೊತ್ತಾಯ್ತು?"

"ಕರೆದರು ಮೇಡಂ."

"ಕರೆದ ತಕ್ಷಣ ಹೋದ್ರಾ?"

"ಒಂದು ಹತ್ತು ನಿಮಿಷ ಆಗಿರಬಹುದು."

"ಹತ್ತು ನಿಮಿಷ ಏನು ಮಾಡ್ತಿದ್ರಿ?"

"ಕಾಯ್ತಿದ್ದೆ."

"ಏನಕ್ಕೆ?"

ಬಿ.ಎಸ್ಸಿ. ಓದಿ, ತಲೆಬುರುಡೆ ಗುರುತಿನ ಡಬ್ಬಿಯ ಮೇಲಿನ ಸೂಚನೆಯನ್ನು ಊರಿಗೆಲ್ಲ ಓದಿ ಹೇಳುವ ಮನುಷ್ಯ ನಾನು. ನೆಲ ನೋಡುತ್ತಾ ನಿಂತೆ. ಅವರು ಏನೋ ಬರೆದುಕೊಂಡರು. ಏನು ಬರೆದರೆಂದು ನೋಡುವ ಧೈರ್ಯವಾಗಲಿಲ್ಲ. ಅಲ್ಲಿಂದ ಮೈಸೂರಿಗೆ ಕಳಿಸಿದರು. ಎರಡು ದಿನ ಅತ್ತೆ ಕಣ್ಣು ಬಿಡಲಿಲ್ಲ. ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಕೂತು ನಾನು ಆ ಹತ್ತು ನಿಮಿಷವನ್ನು ಎಷ್ಟು ಸಲ ಎಣಿಸಿದೆನೋ. ಐವತ್ತನಾಲ್ಕು ವರ್ಷ ಯಾರ ಮಾತನ್ನೂ ಕೇಳದೆ ಯಾರಿಗೂ ಕೇಡು ಮಾಡದವನು, ಒಂದೇ ಒಂದು ಮಾತು ಕೇಳಿ, ಅದನ್ನು ಹೇಳಿದವರನ್ನೇ ಕೊಂದೆನಲ್ಲ ಎಂದು ಮುಖ ಮುಚ್ಚಿಕೊಂಡು ಕೂರುತ್ತಿದ್ದೆ. ನಾಗರತ್ನ ಬೆನ್ನ ಮೇಲೆ ಕೈಯಿಡುತ್ತಿದ್ದಳು.

ನಾಲ್ಕನೆಯ ದಿನ ಅತ್ತೆಗೆ ಮಾತು ಬಂತು. ತೊದಲು, ಆದರೆ ತಿಳಿಯುತ್ತಿತ್ತು. ನಾನು ಅವರ ಕೈ ಹಿಡಿದುಕೊಂಡು ಎಲ್ಲವನ್ನೂ ಒಪ್ಪಿಕೊಂಡೆ. ನೀನು ಕರೆದದ್ದು ಕೇಳಿಸಿತು ಅತ್ತೆ, ಎರಡು ಸಲವೂ ಕೇಳಿಸಿತು, ಮೂರನೆಯದಕ್ಕೆ ಕಾದೆ, ತಪ್ಪಾಯಿತು ಎಂದೆ. ಅತ್ತೆ ನನ್ನನ್ನೇ ನೋಡಿದರು.

"ನಾನೆಲ್ಲಿ ಕರುದ್ನೋ?"

"ಎರಡು ಸಲ ಕರೆದೆಯಲ್ಲ ಅತ್ತೆ."

"ಬಿದ್ದೇಟ್ಗೇ ನಾಲ್ಗೆ ಎಳ್ಕಂಬುಡ್ತು. ನಿನ್ನ ಕರೆಯಾನ ಅಂತ ಬಾಯಿ ತೆಗುದ್ರೆ ಗಾಳಿ ಬತ್ತಿತ್ತು, ದನಿ ಬರ್ನಿಲ್ಲ." ಇದ್ದ ಅರ್ಧ ಬಾಯಲ್ಲೇ ಗದರಿದರು: "ಎರಡೇ ಸಲಕ್ಕೆ ಓ ಅಂದ್ಯಾ? ನಾನು ಯೋಳಿದ್ದೇನು?"

ಬದುಕಿಸಿದ್ದಕ್ಕೆ ಬೈಸಿಕೊಂಡವನು ನಾನೊಬ್ಬನೇ ಇರಬೇಕು. "ಓ ಅನ್ನಲಿಲ್ಲ ಅತ್ತೆ. ಸುಮ್ಮನೆ ಎದ್ದು ಬಂದೆ" ಎಂದೆ.

"ಓ ಅನ್ನಿಲ್ವಾ?" ಅತ್ತೆ ಚಾವಣಿ ನೋಡುತ್ತಾ ಲೆಕ್ಕ ಹಾಕಿದರು. "ಅಂಗಾರೆ ತೊಂದ್ರಿಲ್ಲ ಬುಡು."

ಆಮೇಲೆ ಗೋಡೆಯ ಕಡೆ ತಿರುಗಿಕೊಂಡರು. ನಿದ್ದೆ ಹೋದರೆಂದುಕೊಂಡು ಏಳುತ್ತಿದ್ದೆ. ಅವರು ಆ ಕಡೆ ತಿರುಗಿಕೊಂಡೇ ಕೇಳಿದರು.

"ಯಾರ ದನಿಯಾಗೆ ಕರೀತು?"

"ನಿನ್ನ ದನಿಯಲ್ಲೇ."

"ಅಂಗಾರೆ ಅವತ್ತೂ ನನ್ನ ದನಿಯಾಗೇ ಕರುದಿರ್ಬೈದು," ಎಂದರು ಅತ್ತೆ. "ಅದ್ಕೇ ಅವ್ರು ಓ ಅಂದ್ರೇನೋ."

ನಾನು ಮತ್ತೆ ಕೂತುಕೊಂಡೆ. ಮಾವ ಹೋಗಿ ಮೂವತ್ತು ವರ್ಷವಾದ ಮೇಲೆ ಅತ್ತೆ ಅವತ್ತು ಅತ್ತರು.

ಈಗ ಮನೆಯಲ್ಲಿದ್ದಾರೆ. ಎಡಗೈ ಇನ್ನೂ ಪೂರ್ತಿ ಏಳುವುದಿಲ್ಲ, ಬಾಯಿ ಸ್ವಲ್ಪ ಸೊಟ್ಟಗೇ ಇದೆ, ಎಚ್ಚರಿಕೆಗಳು ಮಾತ್ರ ಒಂದೂ ಕಡಿಮೆಯಾಗಿಲ್ಲ. ನಾನು ಹುಣಸೂರಿನ ಡಾಕ್ಟರ ಮಾತನ್ನೂ ಅತ್ತೆಯ ಮಾತನ್ನೂ ಸೇರಿಸಿ ನನ್ನದೇ ಒಂದು ನಿಯಮ ಮಾಡಿಕೊಂಡಿದ್ದೇನೆ: ಮೊದಲ ಕರೆಗೇ ಏಳುತ್ತೇನೆ, ಆದರೆ ಓ ಎನ್ನುವುದಿಲ್ಲ. ಯಾರು ಕರೆದರೂ ಸದ್ದಿಲ್ಲದೆ ಹೋಗಿ ಹಿಂದೆ ನಿಲ್ಲುತ್ತೇನೆ. ಎರಡೂ ಕಡೆಯಿಂದ ಕ್ಷೇಮ ಎಂದುಕೊಂಡಿದ್ದೆ. ನಾಗರತ್ನ ಈವರೆಗೆ ಮೂರು ಸಲ ಕಿರುಚಿಕೊಂಡು, ಒಂದು ಸಲ ಸಾರಿನ ಪಾತ್ರೆಯನ್ನೇ ಕೈಬಿಟ್ಟಿದ್ದಾಳೆ. "ಕರೆದ್ರೆ ಮಾತಿಲ್ಲ, ತಿರುಗಿದ್ರೆ ಬೆನ್ನಿಗೇ ಅಂಟ್ಕೊಂಡು ನಿಂತಿರ್ತೀರಿ. ನಿಮಗಿಂತ ಆ ದೆವ್ವವೇ ವಾಸಿ ಕಣ್ರೀ, ಕರೆದಾದರೂ ಬರುತ್ತೆ" ಎನ್ನುತ್ತಾಳೆ. ಗಿರಾಕಿಗಳು ಹೆದರಿ ಈಗ ಅಂಗಡಿಯ ಹೊರಗೇ ನಿಂತು, ನಾನು ಕಾಣಿಸಿದ ಮೇಲೆಯೇ ಮೆಟ್ಟಿಲು ಹತ್ತುತ್ತಾರೆ.

ನಿನ್ನೆ ಮಧ್ಯಾಹ್ನವೂ ಅದೇ ಆಯಿತು. ಅಂಗಡಿಯಲ್ಲಿದ್ದೆ. 'ಮಾದೇವಾ' ಎಂದು ಕೇಳಿಸಿತು. ಎದ್ದು, ಚಪ್ಪಲಿ ಬಿಟ್ಟು, ನಡುಮನೆಗೆ ಹೋಗಿ ಅತ್ತೆಯ ತಲೆದೆಸೆಯಲ್ಲಿ ನಿಂತೆ. ಕಣ್ಣು ಮುಚ್ಚಿ ಮಲಗಿದ್ದರು. ಕಣ್ಣು ತೆರೆದವರೇ ಬೆಚ್ಚಿಬಿದ್ದು, "ಅಯ್ಯೋ ನಿನ್ನ! ಬಾಯಿ ಬಿದ್ದೋಗದಾ? ಬರಾವಾಗ ಓ ಅನ್ಬಾರ್ದೇನ್ಲಾ?" ಎಂದು ಬೈದರು.

ನನಗೆ ನಗುವೂ ಬಂತು, ಇನ್ನೊಂದು ಥರವೂ ಆಯಿತು. ಹಾಸಿಗೆಯ ತುದಿಯಲ್ಲಿ ಕೂತು ಕೇಳಿದೆ: "ಈಗ ಕರೆದದ್ದು ನೀನೇ ತಾನೆ ಅತ್ತೆ?"

ಅತ್ತೆ ಕಂಬಳಿಯ ಎಳೆಯೊಂದನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

"ನೀನೇ ತಾನೆ ಕರೆದದ್ದು?"

ಅವರು ನನ್ನನ್ನು ನೋಡಿದರು. ಬಾಯಿ ಸೊಟ್ಟಗಿರುವುದರಿಂದ ನಗುತ್ತಿದ್ದಾರೋ ಇಲ್ಲವೋ ತಿಳಿಯಲಿಲ್ಲ. ಅವರ ನಿಯಮ ಅವರು ಬಿಡುವವರಲ್ಲ. ಮೂರನೆಯ ಸಲ ಕೇಳಿದ್ದರೆ ಖಂಡಿತ ಹೇಳುತ್ತಿದ್ದರು. ಹೊರಗೆ ಹಿತ್ತಲಿನಲ್ಲಿ ಹಸು ಮೇವು ಅಗಿಯುವ ಸದ್ದು ನಿಂತಿತ್ತು. ಮೂರನೆಯ ಸಲ ನಾನು ಕೇಳಲಿಲ್ಲ.